ಪಕ್ಕದ ಮನೆಗೆ ಬಂದ ಅಣ್ಣನ ಮಗಳು

ಪೊನ್ನಂಪೇಟೆಯಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ ಇದೆ, ಹಿಂದೆಯೇ ಮನೆ. ಪಕ್ಕದ ಮನೆಗೆ ಬಾಡಿಗೆಗೆ ಬಂದ ಗಂಡ ಹೆಂಡತಿ ಇಬ್ಬರೂ ನೌಕರಿಯವರು. ಅವರಿಗೊಂದು ಪುಟ್ಟ ಮಗು. ಬೇಸಿಗೆ ರಜೆಯಲ್ಲಿ ಅವರ ಮನೆಗೆ ಹನ್ನೊಂದು ಹನ್ನೆರಡರ ಹುಡುಗಿಯೊಬ್ಬಳು ಬಂದಳು. ತನ್ನ ಅಣ್ಣನ ಮಗಳು, ಇಲ್ಲೇ ಓದಲಿ ಅಂತ ಕರೆತಂದೆ ಎಂದು ಆ ಮನೆಯಾಕೆ ನಾನು ಕೇಳದೆಯೇ ಹೇಳಿದರು. ಕೇಳದೆ ಹೇಳಿದ್ದಕ್ಕೇ ಇರಬೇಕು, ನನಗೆ ಆ ಮಾತು ಒಳಗಿಳಿಯಲಿಲ್ಲ.

ಹುಡುಗಿ ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು. ಆಮೇಲೆ ಇಡೀ ದಿನ ಮಗು ಅವಳ ಸೊಂಟದ ಮೇಲೆ. ಹೆಣ್ಣುಮಕ್ಕಳು ಮನೆಗೆಲಸ ಮಾಡುವುದು ಹೊಸದೇನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಅವಳು ಊಟಕ್ಕೆ ಕೂರುತ್ತಿದ್ದುದು ಹಿತ್ತಲ ಮೆಟ್ಟಿಲ ಮೇಲೆ, ಎಲ್ಲರದೂ ಆದ ಮೇಲೆ. ಅಣ್ಣನ ಮಗಳನ್ನು ಯಾರಾದರೂ ಹಾಗೆ ಕೂರಿಸುತ್ತಾರೆಯೇ?

ಶಾಲೆ ಶುರುವಾಗುವ ಹೊತ್ತಿಗೆ ಸುತ್ತಲಿನ ಮಕ್ಕಳ ಯೂನಿಫಾರ್ಮೆಲ್ಲ ನನ್ನ ಅಂಗಡಿಗೆ ಬರುತ್ತದೆ. ಅವಳದು ಬರಲಿಲ್ಲ. ಕೇಳಿದ್ದಕ್ಕೆ ವಿರಾಜಪೇಟೆಯಲ್ಲಿ ಹೊಲಿಸಿದೆವು ಎಂದರು. ಮಕ್ಕಳೆಲ್ಲ ಬ್ಯಾಗು ಹಾಕಿಕೊಂಡು ಹೋದರೂ ಅವಳು ಮಗುವನ್ನೆತ್ತಿಕೊಂಡು ಗೇಟಿನಲ್ಲೇ ನಿಂತಿದ್ದಳು.

ಒಂದು ದಿನ ಆ ಮನೆಯಾಕೆಯ ನೈಟಿಯ ಹೊಲಿಗೆ ಬಿಟ್ಟಿದೆಯೆಂದು ಹುಡುಗಿ ತಂದುಕೊಟ್ಟಳು. ಆ ಮನೆಯವರ ಜನರಲ್ಲಿ ಮನೆ ಹೆಸರು ಅಂದರೆ ಮನೆತನದ ಹೆಸರು, ಆಗಷ್ಟೇ ಮಾತು ಕಲಿತ ಮಗುವಿಗೂ ಅದು ಗೊತ್ತಿರುತ್ತದೆ. ನಿಜವಾಗಿ ಅಣ್ಣನ ಮಗಳಾದರೆ ಹೇಳಲಿ ಎಂದು ಬೇಕೆಂದೇ ಕೇಳಿದೆ.

“ನಿಮ್ಮ ಮನೆ ಹೆಸರು ಎಂತ ಮಗಾ?”

ಅವಳು ಸ್ವಲ್ಪ ಯೋಚಿಸಿದಳು. “ಮನೆಗೆ ಹೆಸರಿಲ್ಲ ಆಂಟಿ. ಲೈನಲ್ಲಿ ಕೊನೇದು.”

ಲೈನು ಎಂದರೆ ತೋಟದ ಕೆಲಸದವರ ಸಾಲುಮನೆ. ಹೇಳಬಾರದ್ದನ್ನು ಹೇಳಿದೆನೆಂದು ಅವಳ ಮುಖ ಸಣ್ಣದಾಯಿತು. ಪುಸಲಾಯಿಸಿ ಕೇಳಿದಾಗ ಸಿದ್ದಾಪುರದ ಹತ್ತಿರದ ಎಸ್ಟೇಟ್ ಎಂದು ತಿಳಿಯಿತು.

ಮಕ್ಕಳ ಸಹಾಯವಾಣಿಗೆ ಫೋನ್ ಮಾಡೋಣವೆಂದುಕೊಂಡೆ. ಹೆತ್ತವಳೇ ಗೊತ್ತಿದ್ದು ಕಳಿಸಿದ್ದರೆ? ನನ್ನ ಅನುಮಾನ ಈಗ ಆ ತಾಯಿಯ ಕಡೆ ತಿರುಗಿತು. ಮೊದಲು ಅವಳನ್ನೇ ಕೇಳಬೇಕೆಂದು ಭಾನುವಾರ ಬಸ್ಸು ಹತ್ತಿದೆ.

ತಾಯಿ ನನ್ನನ್ನು ಒಳಗೆ ಕರೆಯಲಿಲ್ಲ. ಬಾಗಿಲಿಗೆ ಅಡ್ಡ ನಿಂತೇ ಪೂರ್ತಿ ಕೇಳಿದಳು. ಆಮೇಲೆ, “ನಿಮ್ಗೂ ಕೆಲ್ಸಕ್ಕೆ ಹುಡುಗಿ ಬೇಕಾ ಅಕ್ಕಾ?” ಎಂದಳು.

ಮಗಳನ್ನು ಕರೆದೊಯ್ಯಲು ಮೊದಲ ಸಲವೂ ನನ್ನಂಥವಳೇ ಒಬ್ಬಳು ಬಂದು ಹೀಗೇ ನಯವಾಗಿ ಮಾತಾಡಿದ್ದಳಂತೆ. ಟೈಲರ್ ಎಂದು ಹೇಳಿಕೊಂಡದ್ದು ಇನ್ನೂ ಕೆಟ್ಟದಾಯಿತು. ಗುಂಡಿ ಹಚ್ಚಲು ಮಗಳನ್ನು ಕೇಳಲು ಬಂದಿದ್ದೇನೆ ಎಂದೇ ಅವಳು ತಿಳಿದಳು. ಮಗಳು ಶಾಲೆಗೆ ಹೋಗುತ್ತಿಲ್ಲ ಎಂದಾಗ ಮಾತ್ರ ಅವಳ ಕೈ ಬಾಗಿಲಿನಿಂದ ಇಳಿಯಿತು. ಶಾಲೆಗೆ ಸೇರಿಸಿದ್ದೇವೆ, ಬೆಳಿಗ್ಗೆ ಸಂಜೆ ಮಗು ನೋಡಿಕೊಂಡರೆ ಸಾಕು ಎಂದು ಪಕ್ಕದ ಮನೆಯವರು ಫೋನಿನಲ್ಲಿ ಹೇಳುತ್ತಿದ್ದರಂತೆ. ತಿಂಗಳಿಗಿಷ್ಟು ಎಂದು ದುಡ್ಡು ಕಳಿಸುತ್ತಲೂ ಇದ್ದರಂತೆ.

“ನಾನೇ ಬಂದು ನೋಡ್ತೀನಿ” ಎಂದಳು. ನಾನು ವಾಪಸು ಹೊರಟ ಬಸ್ಸಿಗೇ ಬಂದಳು. ಪಕ್ಕದ ಸೀಟು ಖಾಲಿಯಿದ್ದರೂ ನನ್ನ ಹಿಂದೆ ಕೂತಳು.

ನಾವು ಹೋದಾಗ ಹುಡುಗಿ ಪಾತ್ರೆ ತೊಳೆಯುತ್ತಿದ್ದಳು. ಮನೆಯಾಕೆ ಅಳುಕಲಿಲ್ಲ. “ಇಲ್ಲಿ ಮೂರು ಹೊತ್ತು ಊಟ ಉಂಟು. ಅಲ್ಲಿ ಲೈನಿನ ಬಾಗಿಲಿಗೇ ಆನೆ ಬರ್ತದೆ. ನೀವು ಅವಳೊಬ್ಬಳನ್ನೇ ಬಿಟ್ಟು ಕೆಲಸಕ್ಕೆ ಹೋಗ್ತೀರಿ. ಯಾವುದು ಒಳ್ಳೇದು, ನೀವೇ ಹೇಳಿ” ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅದೇ ನನಗೆ ಸಂಕಟ.

ತಾಯಿ ಒಂದೇ ಮಾತು ಕೇಳಿದಳು. “ಇವಳ ಸ್ಕೂಲು ಎಲ್ಲಿ? ಕರ್ಕೊಂಡು ಹೋಗಿ ತೋರ್ಸಿ.”

ಮನೆಯಾಕೆ ಒಳಗೆ ನಡೆದರು. ಹುಡುಗಿ ಬಟ್ಟೆಯ ಚೀಲ ತಂದಳು. ಆ ಪುಟ್ಟ ಮಗು ಅವಳ ಲಂಗ ಹಿಡಿದು ಅತ್ತಿತು. ಅವಳೂ ಅತ್ತಳು. ಅದನ್ನು ನಾನು ನಿರೀಕ್ಷಿಸಿರಲಿಲ್ಲ.

ಆ ಮನೆಗೆ ಇನ್ನೊಬ್ಬಳು “ಅಣ್ಣನ ಮಗಳು” ಬರಬಾರದೆಂದು ಮರುದಿನ ಸಹಾಯವಾಣಿಗೆ ತಿಳಿಸಿದೆ. ಅಧಿಕಾರಿಗಳು ಬಂದು ಎಚ್ಚರಿಕೆ ಕೊಟ್ಟು ಹೋದರು. ಪಕ್ಕದವರು ಮಾತು ಬಿಟ್ಟರು, ಸ್ವಲ್ಪ ದಿನಕ್ಕೆ ಬೇರೆ ಮನೆಗೂ ಹೋದರು.

ಕಾಫಿ ಹಣ್ಣು ಕೊಯ್ಯುವ ಕಾಲದಲ್ಲಿ, ತಾಯಿಯೇ ಹುಡುಗಿಯನ್ನು ಕೊಯ್ಲಿಗೆ ಹಚ್ಚಿರಬಹುದೇ ಎಂದು ನನಗೆ ಮತ್ತೆ ಸಂಶಯ ಕಾಡಿತು. ಸಿದ್ದಾಪುರದಲ್ಲಿ ಶಾಲೆಗೆ ಹೋಗಿ ವಿಚಾರಿಸಿದೆ. ಹುಡುಗಿ ದಿನಾ ಬರುತ್ತಾಳೆ ಎಂದರು. ಸಂತೆಯಲ್ಲಿ ತಾಯಿ ಸಿಕ್ಕಳು. ರಜೆಯ ದಿನ ಮಗಳನ್ನು ಪಿಕಿಂಗಿಗೆ ಕರೆದುಕೊಂಡು ಹೋಗುತ್ತೀರಾ ಎಂದು ಕೇಳಿಯೇಬಿಟ್ಟೆ.

“ಇನ್ನೂ ನಮ್ ಮೇಲೆ ಡೌಟಾ ಅಕ್ಕಾ?” ಎಂದಳು.

ಇಲ್ಲ ಎಂದೆ. ಅವಳು ನಂಬಲಿಲ್ಲ.