ಕೊಳೆ ಕಾಯುವ ಅಕ್ಕ

ಬೆಳಕು ಇನ್ನೂ ಶಾಲೆಯ ಗೋಡೆಯನ್ನು ಮುಟ್ಟಿಲ್ಲ. ಮೈದಾನದ ಮೂಲೆಯ ನೀರಿನ ತೊಟ್ಟಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತ ಹೆಂಗಸೊಬ್ಬರು ಬಕೆಟ್ಟಿನಲ್ಲಿ ಕೆಸರು ಕಲಸುತ್ತಿದ್ದಾರೆ. ಎದುರಿನ ಚಾಪೆಯ ಮೇಲೆ ಹನ್ನೆರಡು ಬಿಳಿ ಜೆರ್ಸಿಗಳು ಹಾಲಿನಂತೆ ಶುಭ್ರವಾಗಿ ಮಲಗಿವೆ. ಅವರು ಹಿಡಿ ಕೆಸರೆತ್ತಿ ಮೊದಲನೆಯದರ ಎದೆಗೆ ಬಳಿದು, ನಿಟ್ಟುಸಿರು ಬಿಡುತ್ತಾರೆ.

ಸೋಲುವುದನ್ನೇ ಕಸುಬು ಮಾಡಿಕೊಂಡ ಶಾಲಾ ಫುಟ್‌ಬಾಲ್ ತಂಡ, ಆಟದ ಗಂಧವೇ ಇಲ್ಲದ ಕೋಚ್: ಗೆಳೆಯರು ಕೂಡಿ ತೆಗೆಯುತ್ತಿರುವ ಇಂಥದೊಂದು ಸಣ್ಣ ನಗೆಚಿತ್ರದ ಚಿತ್ರೀಕರಣ ಇಲ್ಲಿ ನಡೆದಿದೆ. ಕೊನೆಯ ಪಂದ್ಯದ ಅರ್ಧ ನಿನ್ನೆ ಮುಗಿದಿದೆ. ಉಳಿದರ್ಧ ಇಂದೇ ಮುಗಿಯಬೇಕು. ನಾಳೆ ಶಾಲೆ ತೆರೆಯುತ್ತದೆ, ಮೈದಾನ ಸಿಗದು. ತೆರೆಯ ಮೇಲೆ ಇವೆರಡೂ ಒಂದೇ ಆಟವಾದ್ದರಿಂದ ನಿನ್ನೆಯ ಕಲೆಗಳು ಇಂದೂ ಇದ್ದಲ್ಲೇ ಇರಬೇಕು. ಅವನ್ನು ಕಾಯುವುದು ಉಡುಪು ನೋಡಿಕೊಳ್ಳುವ ಈಕೆಯ ಕೆಲಸ. ತಂಡಕ್ಕೆಲ್ಲ ಇವರು ‘ಕೊಳೆ ಅಕ್ಕ’.

ಬೀಗವಿಲ್ಲದ ಕೊಠಡಿಯಲ್ಲಿ ಬಿಡಲು ಮನಸ್ಸಾಗದೆ ಜೆರ್ಸಿಗಳನ್ನು ಮನೆಗೆ ಒಯ್ದದ್ದೇ ತಪ್ಪಾಯಿತು. ರಾತ್ರಿ ಅಕ್ಕ ನಿದ್ದೆಹೋದಾಗ, ಜೀವಮಾನವೆಲ್ಲ ಕಂಡವರ ಬಟ್ಟೆ ಒಗೆದ ಅವರ ಅತ್ತೆ ಗಂಟು ಬಿಚ್ಚಿ ಅಷ್ಟನ್ನೂ ಒಗೆದು ಹರವಿದ್ದಾರೆ.

“ಬೈಯೋದಾದ್ರೂ ಹೇಗೆ ಹೇಳಿ? ‘ದಣಿದು ಬಂದಿದ್ದೀಯ, ಮಲಗ್ಲಿ ಅಂತ ನಾನೇ ಒಗೆದೆ ಕಣೇ’ ಅಂದ್ರು. ನನ್ನ ಮದುವೆಯಾದಾಗಿಂದ ಮನೇಲಿ ಒಂದು ಲೋಟ ಎತ್ತಿಟ್ಟೋರಲ್ಲ. ಸೊಸೆ ಮೇಲೆ ಕನಿಕರ ಇವತ್ತೇ ಹುಟ್ಟಬೇಕಿತ್ತಾ!” ಎನ್ನುತ್ತಾರೆ ಅಕ್ಕ.

ಬಾಡಿಗೆ ಉಡುಪಿನ ಅಂಗಡಿಯಲ್ಲಿ ವರ್ಷಗಟ್ಟಲೆ ಗುಂಡಿ ಹೊಲಿದವರು ಇವರು. ಅಂಗಡಿ ಮುಚ್ಚಿದ ಮೇಲೆ ಚಿತ್ರೀಕರಣವೇ ಗತಿಯಾಯಿತು. ಕೆಲಸವಿದ್ದರೆ ಸೊಂಟ ನೆಟ್ಟಗಾಗುವುದಿಲ್ಲ. ಇಲ್ಲದಿದ್ದರೆ ತಿಂಗಳಾದರೂ ಕರೆಯಿಲ್ಲ. “ಹೊಳೇಲಿ ಹುಣಸೆಹಣ್ಣು ಹಿಂಡಿದ ಹಾಗೆ ನನ್ನ ದುಡಿಮೆ. ಇವತ್ತು ಈ ಸೀನು ನಿನ್ನೇದಕ್ಕೆ ಕೂಡದಿದ್ರೆ, ಇನ್ನೊಂದು ಪಿಕ್ಚರಿಗೆ ನನ್ನನ್ನ ಯಾರು ಕರೀತಾರೆ?”

ಅತ್ತೆಯೂ ಜೊತೆಗೆ ಬಂದಿದ್ದಾರೆ. ಫೋನಿನಲ್ಲಿರುವ ನಿನ್ನೆಯ ಚಿತ್ರಗಳನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿ, ಮನಸ್ಸಿಲ್ಲದ ಮನಸ್ಸಿನಿಂದ ಕೆಸರು ಬಳಿಯುತ್ತಾರೆ.

“ಅತ್ತೆ, ಆ ಕಲೆ ಬಲಗಡೆ ಮೊಣಕೈಗೆ.”

“ಯಾವ ಕೈಯಾದ್ರೇನೇ? ಕೊಳೆ ಕೊಳೆನೇ.”

“ಹುಡುಗ ಬಿದ್ದಿದ್ದು ಬಲಕ್ಕೆ ಅತ್ತೆ.”

“ಎಡಕ್ಕೂ ಒಂದ್ಸಲ ಬೀಳಿಸೋಕೆ ಹೇಳು ನಿಮ್ಮ ಡೈರೆಕ್ಟರಿಗೆ!” ಎನ್ನುತ್ತಲೇ ಆ ಕಲೆಯನ್ನು ಚಕ್ಕನೆ ತಿಕ್ಕಿ ತೆಗೆಯುತ್ತಾರೆ. ತೆಗೆಯುವುದು ಮಾತ್ರ ಅವರಿಗೆ ನೀರು ಕುಡಿದಷ್ಟು ಸಲೀಸು.

ನಿರ್ದೇಶಕ ಬಂದು ನಿಲ್ಲುತ್ತಾರೆ. “ಅಕ್ಕಾ, ಬಿಸಿಲು ನಮಗೋಸ್ಕರ ಕಾಯಲ್ಲ. ಆಗುತ್ತಾ?”

“ಆಗುತ್ತೆ ಸರ್. ಒಣಗೋದೊಂದೇ ಚಿಂತೆ.”

ಹಸಿ ಕೆಸರು ಕಪ್ಪಗೆ ಕಾಣುತ್ತದೆ. ನಿನ್ನೆಯದು ಒಣಗಿ ಬಿಳಿಚಿತ್ತು. ಅಕ್ಕ ಹಳೆಯ ಬಟ್ಟೆ ಮುಚ್ಚಿ ಕಾದ ಇಸ್ತ್ರಿಪೆಟ್ಟಿಗೆ ಒತ್ತುತ್ತಾರೆ. “ಕೆಸರಿಗೆ ಇಸ್ತ್ರಿ ಹಾಕೋದನ್ನೂ ನೋಡಿದ್ದಾಯ್ತು,” ಎಂದು ಅತ್ತೆ ಹಣೆ ಚಚ್ಚಿಕೊಳ್ಳುತ್ತಾರೆ. ಉಳಿದದ್ದು ಹನ್ನೆರಡನೆಯ ಜೆರ್ಸಿ. ಅವರು ಅದಕ್ಕೂ ಕೆಸರು ಎತ್ತುವಷ್ಟರಲ್ಲಿ ಸೊಸೆ ಕೈ ಹಿಡಿಯುತ್ತಾರೆ.

“ಅದು ಬೇಡ ಅತ್ತೆ. ಅದನ್ನ ಹಾಕೋನು ಬೆಂಚಿಂದ ಏಳೋದೇ ಇಲ್ಲ. ಹಾಗೇ ಇರಲಿ.”

ಅತ್ತೆ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಅದರ ಕಾಲರನ್ನು ಬೆರಳಿನಿಂದ ನೀವುತ್ತಾರೆ.

ಬಿಸಿಲು ಗೋಡೆಗೆ ಬರುತ್ತದೆ. ಸಾಲಾಗಿ ನಿಂತ ಹುಡುಗರನ್ನು ನಿರ್ದೇಶಕ ನಿನ್ನೆಯ ದೃಶ್ಯಕ್ಕೆ ತಾಳೆ ಹಾಕಿ ನೋಡಿ, “ಕೂಡುತ್ತೆ,” ಎನ್ನುತ್ತಾರೆ. ಅಕ್ಕ ತೊಟ್ಟಿಗೆ ಬೆನ್ನೊರಗಿಸಿ ಕಣ್ಣು ಮುಚ್ಚುತ್ತಾರೆ.

“ಪಿಕ್ಚರ್ ಬಂದಾಗ ಅತ್ತೇನ ಕರ್ಕೊಂಡು ಹೋಗ್ಬೇಕು,” ಎನ್ನುತ್ತಾರೆ ಮೆಲ್ಲಗೆ. “ಜನ ಚೆಂಡು ನೋಡ್ಲಿ. ನಾನು ಬೆಂಚು ತೋರಿಸ್ತೀನಿ. ‘ಅಗೋ, ಆ ಒಂದು ನೀವು ಒಗೆದದ್ದು. ಉಳಿದ ಕೊಳೆಯೆಲ್ಲ ನಂದೇ’ ಅಂತ.”