ದಡದಲ್ಲಿ ನಿಂತ ಇಟಲಿಯ ಕವಿ

ನಲ್ಲಿಯಲ್ಲಿ ಬರುವುದು ಥೇಮ್ಸ್ ನೀರೇ ಇರಲಿ, ಬಕೆಟ್ಟಿಗೆ ಗಂಗೆ, ಯಮುನೆ, ಕಾವೇರಿಯರನ್ನೆಲ್ಲ ಕರೆಯದೆ ನಾನು ಮೊದಲ ಚೊಂಬು ಸುರಿದುಕೊಳ್ಳುವವಳಲ್ಲ. ಆ ಬೆಳಿಗ್ಗೆಯೂ ಕರೆಯುತ್ತಿದ್ದೆ. ಪಿನ್ನರ್ ಎಂಬ ಊರಿನ ನಮ್ಮ ಮನೆಗೆ ಇರುವುದು ಒಂದೇ ಬಚ್ಚಲು. ಆಸ್ಪತ್ರೆಗೆ ಹೊರಟ ಡಾಕ್ಟರು, ಅಂದರೆ ನಮ್ಮ ಯಜಮಾನರು, ಬಾಗಿಲು ಬಡಿದರು: "ಗೋದಾವರಿವರೆಗಾದ್ರೂ ಬಂದ್ಯಾ? ನಂಗೆ ಟ್ಯೂಬ್ ರೈಲು ತಪ್ಪತ್ತೆ ಕಣೇ!"

ಅಂದು ನದಿಗಳ ಸಹಾಯ ನನಗೆ ನಿಜಕ್ಕೂ ಬೇಕಿತ್ತು. ಲೈಬ್ರರಿಯಲ್ಲಿ ನಡೆಯುವ ಹಳೆಯ ಇಟಾಲಿಯನ್ ಕಾವ್ಯದ ತರಗತಿಗೆ ಸೇರಿ ತಿಂಗಳುಗಳಾದರೂ ನಾನು ತುಟಿ ಬಿಚ್ಚಿರಲಿಲ್ಲ. ಕೇಳಿದರೆ ಮಾತ್ರ ಮಾತು ಎಂಬುದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಮೊದಲ ಪಾಠ. ಈ ವಾರ ನನ್ನನ್ನೇ ಕೇಳುವುದಾಗಿ ತರಗತಿಯ ಮೇಡಂ ಎಚ್ಚರಿಸಿದ್ದರು. ಆ ಕವಿಗಳು 'ನದಿ' ಎಂದರೆ ಏನರ್ಥ? ಬಾಯಿಬಿಟ್ಟು ಬಣ್ಣಗೇಡಾದರೆ ಮತ್ತೆ ಆ ಮೆಟ್ಟಿಲು ಹತ್ತುವ ಮುಖ ನನಗಿರಲಿಲ್ಲ.

ಮಧ್ಯಯುಗದ ಆ ಮಹನೀಯರಿಗೆ ನದಿ ಬರೀ ನದಿಯಾಗಿದ್ದರೆ ತಾನೆ! ಒಮ್ಮೆ ಆಯುಷ್ಯ, ಒಮ್ಮೆ ಕಣ್ಣೀರು, ಒಮ್ಮೆ ಗುರುವಿನ ಮಾತು. ಕುಡಿದರೆ ಪಾಪವೇ ಮರೆತುಹೋಗುವ ನೀರೂ ಉಂಟು. ನಮ್ಮ ಮನೆಯಲ್ಲಿ ಆ ಕೆಲಸವನ್ನು ಕಾಫಿ ಮಾಡುತ್ತದೆ. ಒಂದು ಲೋಟ ಇಳಿದರೆ ಬಚ್ಚಲಿನ ಜಗಳ ಯಜಮಾನರಿಗೆ ನೆನಪಿರುವುದಿಲ್ಲ. ನಾವೇನು ಕಡಿಮೆಯೇ? ಮಾತಿನ ಹೊಳೆ, ಹಾಲಿನ ಹೊಳೆ... ಹೊಳೆ ದಾಟಿದ ಮೇಲೆ ಅಂಬಿಗನನ್ನು ಏನೆಂದು ಕರೆಯುತ್ತೇವೆ ಎಂಬುದನ್ನು ಮಾತ್ರ ಕಾನ್ವೆಂಟಿನಲ್ಲಿ ಓದಿದವಳು ಬರೆಯಲಾರಳು.

ಅಂದಿನ ಪದ್ಯದಲ್ಲಿ ಕವಿ ಈಚೆ ದಡದಲ್ಲಿ, ನಲ್ಲೆ ಆಚೆ ದಡದಲ್ಲಿ. ನಡುವೆ ಮೊಣಕಾಲೂ ನೆನೆಯದಷ್ಟು ನೀರು. ಮತ್ತೆ ದಾಟದೆ ನಿಂತಿದ್ದೇಕೆ? ಪಾಪಭೀತಿ ಎಂದರು ಒಬ್ಬರು. ಮೃತ್ಯು ಎಂದರು ಇನ್ನೊಬ್ಬರು. ನನ್ನ ಸರದಿ ಬಂತು.

"ನಮ್ಮ ಕಡೆ ನದಿಗೆ ಸುಮ್ಮನೆ ಕಾಲಿಡಲ್ಲ. ಒಂದು ಹನಿ ತಲೆಗೆ ಹಾಕ್ಕೊಂಡು, ತಪ್ಪಾಯ್ತಮ್ಮಾ ಅಂದು, ಆಮೇಲೆ ಇಳೀತೀವಿ. ಪಾಪ, ಈ ಹುಡುಗನಿಗೆ ಯಾರೂ ಹೇಳಿಕೊಟ್ಟಿಲ್ಲ," ಎಂದೆ.

ಮೇಡಂ ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. "ಇಷ್ಟು ವರ್ಷ ಪಾಠ ಮಾಡಿದ್ದೇನೆ, ಅವನು ಅಪ್ಪಣೆಗೆ ಕಾಯುತ್ತಿದ್ದಾನೆ ಅಂತ ನನಗೆ ಅನಿಸಿಯೇ ಇರಲಿಲ್ಲ!"

ಕಾಲು ನೆಲದ ಮೇಲೆ ನಿಲ್ಲಲಿಲ್ಲ. ವಾಪಸು ಬರುವಾಗ ನಮ್ಮ ಬೀದಿಯ ಹಿಂದಿನ ಪುಟ್ಟ ಹೊಳೆಯ ಬಳಿ ಬಗ್ಗಿ, ಆ ಕವಿಯ ಪರವಾಗಿ ಒಂದು ಬೊಗಸೆ ನೀರನ್ನೇ ತಲೆಗೆ ಚಿಮುಕಿಸಿಕೊಂಡೆ.

ಸಂಜೆ ಪಕ್ಕದ ಮನೆಯ ಕುಂದಾಪುರದ ಗಿರಿಜಕ್ಕ ಹೆಪ್ಪಿಗೆ ಮೊಸರು ಕೇಳಲು ಬಂದರು. ಇಟಲಿಯಿಂದ ಹಿಡಿದು ಬೊಗಸೆಯವರೆಗೆ ಒಂದೂ ಬಿಡದೆ ಹೇಳಿದೆ. ಬಟ್ಟಲು ಹಿಡಿದು ಬಾಗಿಲು ದಾಟುತ್ತಾ ಅವರೆಂದರು:

"ಅದೆಲ್ಲ ಸಮ ಅಕ್ಕ. ಆರೆ ಇನ್ನೊಂದ್ಸಲ ಸ್ವಲ್ಪ ಮೇಲ್‌ಬದಿಗೆ ಹೋಯ್ನಿ. ನೀವ್ ಬಗ್ಗಿದ್ದಲ್ಲ್ ಎಲ್ಲರೂ ಸೋಪ್ ಹಾಕಿ ನಾಯಿ ಮೀಸೂದ್."