ಕಾಕನ ಕಪ್ಪು ಮಾರ್ಕರ್

ಮೊನ್ನೆ ಮಗಳ ಟಿಫಿನ್ ಡಬ್ಬಿಯ ಮೇಲೆ ಹೆಸರು ಬರೆಯಲು ಕಪ್ಪು ಮಾರ್ಕರಿನ ಮುಚ್ಚಳ ತೆಗೆದೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಈ ಗಲ್ಫ್ ಊರಿನಲ್ಲಿ ಈಗ ನಾವಿರುವ ಅಲ್ ಸದ್ದ್‌ನ ಅಡುಗೆಮನೆಯಿಂದ, ಚಿಕ್ಕಂದಿನಲ್ಲಿದ್ದ ಬಿನ್ ಮಹಮೂದ್‌ನ ಸೀಡಿ ಅಂಗಡಿಗೆ ಹೋಗಿಬಿಟ್ಟೆ...

ನಮ್ಮ ಫ್ಲಾಟಿನ ಕೆಳಗೇ ಇತ್ತು ಆ ಅಂಗಡಿ. ಅಂಗಡಿಯವರು ಉಳ್ಳಾಲದ ಕಡೆಯ ಬ್ಯಾರಿ; ತುಳು ಮಾತಾಡುವ ನಮ್ಮ ಮನೆಯವರಿಗೂ ಅವರು ಕಾಕ. ಸೀಡಿಯ ಹೊದಿಕೆಯಲ್ಲಿ ಹೆಂಗಸರ ಬರಿ ಮೈ ಕಂಡರೆ ಇಲ್ಲಿಯ ಕಾನೂನಿನಂತೆ ಮಾರ್ಕರಿನಿಂದ ಮುಚ್ಚಿಯೇ ಕಪಾಟಿಗೆ ಇಡಬೇಕಿತ್ತು. ಬೇರೆ ಅಂಗಡಿಯವರು ಸುಮ್ಮನೆ ಗೀಚುತ್ತಿದ್ದರು. ಕಾಕ ಮಾತ್ರ ದರ್ಜಿಯ ಹಾಗೆ ಕೂತು ಉದ್ದ ತೋಳಿನ ರವಿಕೆ, ನೆರಿಗೆಯ ಲಂಗ ಬರೆಯುತ್ತಿದ್ದರು.

ಅಮೆರಿಕದ ಒಬ್ಬ ರ‍್ಯಾಪ್ ಹಾಡುಗಾರನ ಮೊದಲ ಆಲ್ಬಂ ಬಂದಾಗ ನಾನು ಎಂಟನೇ ಕ್ಲಾಸು. ಹೊದಿಕೆಯಲ್ಲಿ ತೆಳ್ಳನೆಯ ಹುಡುಗ, ಹಿಂದೆ ಬಣ್ಣ ಹೋದ ಮನೆ. ಮಾರ್ಕರಿಗೆ ಕೆಲಸವಿರಲಿಲ್ಲ.

"ಎಂತ ಹೇಳ್ತಾನೆ ಮಾರಾಯ್ತಿ ಇವ, ಇಷ್ಟು ಗಡಿಬಿಡಿಯಲ್ಲಿ?" ಎಂದು ಕಾಕ ಕೇಳಿದರು.

ಅವನು ಹೇಳುತ್ತಿದ್ದದ್ದು ಬರೀ ಬೈಗುಳ. ಅದನ್ನು ಹಿರಿಯರೆದುರು ಹೇಳುವುದುಂಟೇ? "ಅಮ್ಮನ ನೆನಪು ಮಾಡ್ತಾನೆ ಕಾಕ," ಅಂದುಬಿಟ್ಟೆ. ಕಾಕನ ಮುಖ ಮೆತ್ತಗಾಯಿತು. ಅವರ ಉಮ್ಮ ಊರಲ್ಲಿ ಹಾಸಿಗೆ ಹಿಡಿದಿದ್ದರು. ಕಾಕನಿಗೆ ಅಂಗಡಿ ಬಿಟ್ಟು ಹೋಗುವಂತಿರಲಿಲ್ಲ.

ಮುಂದಿನ ಎರಡು ಆಲ್ಬಂಗಳಲ್ಲಿ ಅವನ ಕೊರಳಿಗೆ ಚಿನ್ನದ ಸರ, ಉದ್ದದ ಕಾರು, ಕಾರಿನ ತುಂಬ ಹುಡುಗಿಯರು. ಕಾಕನಿಗೆ ಕೈತುಂಬ ಕೆಲಸ. "ಹೆಸರು ಬಂತಲ್ವ, ಸ್ವಲ್ಪ ತಲೆ ತಿರುಗಿದೆ. ಉಮ್ಮನನ್ನು ಮರೆಯದವ ಹಾಳಾಗುದಿಲ್ಲ," ಅನ್ನುತ್ತಿದ್ದರು. ಆಮೇಲೆ ಅವನು ಜೈಲಿಗೆ ಹೋದ, ಹೊಸಬರು ಬಂದರು, ಅವನನ್ನು ಕೇಳುವವರೇ ಇಲ್ಲವಾದರು. ಕಾಕ ಮಾತ್ರ ಅವನ ಸೀಡಿಗಳನ್ನು ಮುಂದಿನ ಸಾಲಿನಿಂದ ತೆಗೆಯಲಿಲ್ಲ. ನನ್ನ ಒಂದು ಸುಳ್ಳಿನ ಮೇಲೆ ಅಷ್ಟು ನಂಬಿಕೆ... ನಾಚಿಕೆಯಾಗುತ್ತಿತ್ತು. ನಿಜ ಹೇಳಲು ಬಾಯಿ ಬರಲಿಲ್ಲ.

ನಾಲ್ಕನೆಯದು ಬರುವ ಹೊತ್ತಿಗೆ ನಾನು ಹನ್ನೆರಡನೇ ಕ್ಲಾಸು. ಹಾಡುಗಳನ್ನೆಲ್ಲ ಕಂಪ್ಯೂಟರಿಗೆ ಪುಕ್ಕಟೆ ಇಳಿಸಿಕೊಳ್ಳುವ ಕಾಲ. ಅಂಗಡಿಗೆ ಹೋಗುವುದೇ ತಪ್ಪಿತ್ತು. ಒಂದು ಸಂಜೆ ಕಾಕ ಮೆಟ್ಟಿಲ ಬಳಿ ನಿಲ್ಲಿಸಿ ಸೀಡಿಯನ್ನು ಕೈಗಿಟ್ಟರು. ಹೊದಿಕೆಯಲ್ಲಿ ಮತ್ತೆ ಅದೇ ಮನೆ, ಮುಂದೆ ಅವನೊಬ್ಬನೇ, ಸ್ವಲ್ಪ ದಪ್ಪಗಾಗಿದ್ದ.

"ನೋಡು, ಈ ಸಲ ಮಾರ್ಕರ್ ಬೇಕಾಗ್ಲಿಲ್ಲ. ಕೇಳಿ, ಎಂತ ಹೇಳ್ತಾನೆ ಅಂತ ನಂಗೆ ಹೇಳು."

"ಪರೀಕ್ಷೆ ಮುಗೀಲಿ ಕಾಕ," ಅಂದೆ. ಪರೀಕ್ಷೆ ಮುಗಿಯುವಷ್ಟರಲ್ಲಿ ಅಂಗಡಿ ಮುಚ್ಚಿ ಕಾಕ ಊರಿಗೆ ಹೋಗಿಯಾಗಿತ್ತು. ಸೀಡಿ ಬಿಚ್ಚದೆ ಹಾಗೇ ಉಳಿಯಿತು.

ಕಾಕ ತೀರಿಕೊಂಡ ಸುದ್ದಿಯನ್ನು ಹೋದ ವರ್ಷ ಅಮ್ಮ ಫೋನಿನಲ್ಲಿ ಹೇಳಿದ್ದರು. ಮೊನ್ನೆ ಡಬ್ಬಿಯನ್ನು ಅಲ್ಲೇ ಬಿಟ್ಟು, ಪೆಟ್ಟಿಗೆಯಲ್ಲಿದ್ದ ಆ ಸೀಡಿಯನ್ನು ಹುಡುಕಿ ಹಳೆಯ ಲ್ಯಾಪ್‌ಟಾಪಿಗೆ ಹಾಕಿದೆ. ಕೊನೆಯ ಹಾಡಿಗೆ ಅವನ ಗಡಿಬಿಡಿ ನಿಂತಿತು. ತಾನು ಜೈಲಿನಲ್ಲಿದ್ದಾಗ ಅಮ್ಮ ಹೋದಳು, ಮುಖ ನೋಡಲಾಗಲಿಲ್ಲ ಎಂದು ಹೇಳುತ್ತಿದ್ದ. ಒಂದೇ ಒಂದು ಬೈಗುಳವಿಲ್ಲದೆ, ನಿಧಾನವಾಗಿ...

ಈ ಸಲ ನಿಜವಾಗಿಯೂ ಅಮ್ಮನನ್ನೇ ನೆನಪು ಮಾಡ್ತಿದ್ದಾನೆ ಕಾಕ. ಹೇಳೋಣವೆಂದರೆ ನೀವಿಲ್ಲ.